ಉಡುಪಿಯ ಮಳೆಗಾಲ, ಒಟಿಟಿ ಮತ್ತು ನಮ್ಮನೆಯ 2 ಟಿಬಿ ಹಾರ್ಡ್ ಡಿಸ್ಕ್

ಒಟಿಟಿ ಇರುವಾಗ ಹಾರ್ಡ್ ಡಿಸ್ಕ್ ಯಾರಿಗೆ ಬೇಕು ಅಂತ ಕೇಳುವವರೇ ಜಾಸ್ತಿ. ನಮ್ಮನೆಗೆ ಬೇಕು. ಕಾರಣ ಯಕ್ಷಗಾನ.

ಹೊಸ ಸಿನಿಮಾ ಒಮ್ಮೆ ನೋಡಿ ಬಿಡುತ್ತೇವೆ, ಅದಕ್ಕೆ ಒಟಿಟಿ ಧಾರಾಳ ಸಾಕು. ಆದರೆ ಅಪ್ಪ ರಥಬೀದಿಯಿಂದ ತಂದಿಟ್ಟ ಯಕ್ಷಗಾನ ಆಟದ ಡಿವಿಡಿಗಳು ಯಾವ ಆ್ಯಪ್‌ನಲ್ಲೂ ನನಗೆ ಸಿಕ್ಕಿಲ್ಲ. ಸಿಕ್ಕ ಹಳೆಯ ಸಿನಿಮಾಗಳಿಗೂ ಗ್ಯಾರಂಟಿ ಇಲ್ಲ, ಒಪ್ಪಂದ ಮುಗಿದರೆ ಪಟ್ಟಿಯಿಂದ ಮಾಯ. ಆ್ಯಪ್‌ನೊಳಗೆ ಡೌನ್‌ಲೋಡ್ ಮಾಡಿಟ್ಟರೂ ಅದಕ್ಕೊಂದು ಅವಧಿ ಇರುತ್ತದೆ.

ಡಿವಿಡಿಯನ್ನೇ ಇಟ್ಟುಕೊಳ್ಳಬಹುದಲ್ವಾ? ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ, ತೇವ ಬಿಡಬೇಕಲ್ಲ! ಕವರಿನೊಳಗೇ ಬೂಷ್ಟು ಹಿಡಿಯುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನಲ್ಲಿ ಬಿಳಿ ಮಬ್ಬು ಕಾಣುತ್ತದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೇ ಬೀಳುತ್ತದೆ, ಆಮೇಲೆ ಪ್ಲೇಯರ್ ಅಲ್ಲೇ ತಡವರಿಸುತ್ತದೆ.

ಹಾಗಾಗಿ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಇಳಿಸಿದೆ. ಡಿವಿಡಿಯಲ್ಲಿ ವಿಡಿಯೋ 1 ಜಿಬಿಯ ತುಂಡುಗಳಾಗಿ ಇರುತ್ತದೆ. ಹಾಗೇ ಕಾಪಿ ಮಾಡಿದರೆ ಭಾಗವತರು ಪದ್ಯ ಎತ್ತಿದ ಹೊತ್ತಿಗೇ ಫೈಲ್ ಮುಗಿಯುತ್ತದೆ, ಟಿವಿ ಮೆನುವಿಗೆ ಹೋಗುತ್ತದೆ. ಅಪ್ಪನ ಸಿಟ್ಟು ಕೇಳಬೇಡಿ. ತುಂಡುಗಳನ್ನು ಸೇರಿಸಿ ಒಂದೇ ಎಂಕೆವಿ ವಿಡಿಯೋ ಫೈಲ್ ಮಾಡಿದೆ. ಗುಣಮಟ್ಟ ಕೆಡುವುದಿಲ್ಲ. ಆದರೆ ಫೈಲ್ 4 ಜಿಬಿ ದಾಟಿದರೆ ಡಿಸ್ಕಿನ ಹಳೆಯ ಫಾರ್ಮ್ಯಾಟ್ ಫ್ಯಾಟ್32 ಒಪ್ಪುವುದಿಲ್ಲ, ಎಕ್ಸ್‌ಫ್ಯಾಟ್‌ನಂಥ ಫಾರ್ಮ್ಯಾಟ್ ಬೇಕು. ಡಿಸ್ಕ್ ಫಾರ್ಮ್ಯಾಟ್ ಮಾಡುವ ಮೊದಲು ನಿಮ್ಮ ಟಿವಿ ಅದನ್ನು ಓದುತ್ತದಾ ನೋಡಿಕೊಳ್ಳಿ.

2 ಟಿಬಿ ಅಂತ ಬರೆದಿದ್ದರೂ ವಿಂಡೋಸ್ ತೋರಿಸುವುದು 1.81 ಟಿಬಿ. ಮೋಸ ಏನಲ್ಲ, ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ. 4.7 ಜಿಬಿಯ ಡಿವಿಡಿ ಆದರೆ ಸುಮಾರು 400 ಹಿಡಿಯುತ್ತವೆ.

ಗಾಳಿಮಳೆಗೆ ಹಲಸಿನ ಕೊಂಬೆ ಬಿದ್ದು ಫೈಬರ್ ಕೇಬಲ್ ತುಂಡಾದಾಗ ಇದರ ಬೆಲೆ ಗೊತ್ತಾಗುತ್ತದೆ. ಕರೆಂಟ್ ಹೋದರೂ ಇನ್ವರ್ಟರ್ ಇದ್ದರೆ ಸಾಕು, ಆಟ ನಡೆಯುತ್ತದೆ.

ಕಿರಿಕಿರಿಯೂ ಇದೆ. ಕೆಲವು ಫೈಲ್‌ಗಳಲ್ಲಿ ಚಿತ್ರ ಬರುತ್ತದೆ, ಸೌಂಡ್ ಬರುವುದಿಲ್ಲ. ಆ ಆಡಿಯೋ ನಮ್ಮ ಟಿವಿಗೆ ಓದಲು ಬರುವುದಿಲ್ಲ, ಅಷ್ಟೇ. ಓಡುತ್ತಿರುವಾಗ ಸುಮ್ನೆ ಎಳೆದು ತೆಗೆಯುವ ಮಕ್ಕಳಿದ್ದರೆ ಡಿಸ್ಕನ್ನು ಟಿವಿಯ ಹಿಂದೆ ಮೇಲಿಡಿ.

ಹಾರ್ಡ್ ಡಿಸ್ಕ್ ಬದಲು ಹೆಚ್ಚು ವೇಗದ ಎಸ್‌ಎಸ್‌ಡಿ ತಗೊಳ್ಳಬೇಕಾ? ಸಿನಿಮಾ ನೋಡಲು ಅಷ್ಟು ವೇಗ ಬೇಕಿಲ್ಲ. ಡಿವಿಡಿ ಓದಿಸಲು ಸೆಕೆಂಡಿಗೆ 10 ಮೆಗಾಬಿಟ್ ಸಾಕು. ಆ ದುಡ್ಡಿಗೆ ಇನ್ನೊಂದು ಮಾಮೂಲಿ ಹಾರ್ಡ್ ಡಿಸ್ಕ್ ತಗೊಂಡು ಎರಡನೇ ಕಾಪಿ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ.