ಮಂಡಕ್ಕಿ ಚೀಲಕ್ಕೆ ಲಾಡಿಯೋ, ಜಿಪ್ಪೋ?

ಮಗಳ ಸ್ಕೂಲ್ ಬ್ಯಾಗಿಗೆ ಎರಡು ಥರದ ತಿಂಡಿ ಚೀಲ ಹೊಲಿದೆ. ಒಂದು ಬರೀ ಕಾಟನ್, ಬಾಯಿಗೆ ಲಾಡಿ. ಇನ್ನೊಂದಕ್ಕೆ ಒಳಗೆ ನೀರು ಇಳಿಯದ ಲೈನಿಂಗ್, ಮೇಲೆ ಜಿಪ್.

ಲಾಡಿಯದು ಅರ್ಧ ಗಂಟೆ ಕೆಲಸ. ಹಳೇ ಕಾಟನ್ ಸೀರೆಯ ತುಂಡು ಸಾಕು (ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯಲ್ಲಿ ಬಟ್ಟೆಗೇನು ಬರ!). ಒಗೆದು ಹಾಕಿದರೆ ನಮ್ಮೂರ ಬಿಸಿಲಿಗೆ ಬೇಗ ಒಣಗುತ್ತೆ. ಹುರಿದ ಶೇಂಗಾ, ಒಣದ್ರಾಕ್ಷಿಗೆ ಇದೇ ಸರಿ. ಖಾರ ಮಂಡಕ್ಕಿ ಹಾಕಿದ ದಿನ ಮಾತ್ರ ಫಜೀತಿ: ಬಟ್ಟೆ ಗಾಳಿಯ ತೇವ ಒಳಗೆ ಬಿಟ್ಟು, ಮಧ್ಯಾಹ್ನಕ್ಕೆ ಮಂಡಕ್ಕಿ ಮೆತ್ತಗೆ. ಒಗ್ಗರಣೆ ಎಣ್ಣೆ, ಅರಿಶಿನ ಹೊರಗೆ ಇಳಿದು ಗಣಿತದ ನೋಟ್‌ಬುಕ್ಕಿಗೂ ಹಳದಿ ಕಲೆ.

ಜಿಪ್ ಚೀಲದಲ್ಲಿ ಅದೇ ಮಂಡಕ್ಕಿ ಗರಿಗರಿಯಾಗೇ ಇತ್ತು. ಆದರೆ ಜಿಪ್ ಕೂರಿಸೋಕೆ ತಾಳ್ಮೆ ಬೇಕು, ನಾನು ಎರಡು ಸಲ ಬಿಚ್ಚಿದೆ. ಮೂಲೆಯಲ್ಲಿ ಪುಡಿ ಕೂರುತ್ತೆ. ಒಳಮೈ ತಿರುವಿ ಒಣಗಿಸದಿದ್ದರೆ ವಾಸನೆ. ಲೈನಿಂಗಿಗೆ ರೇನ್‌ಕೋಟ್ ಬಟ್ಟೆ ಬೇಡ, ತಿನ್ನೋ ಪದಾರ್ಥಕ್ಕೆ ತಾಗಬಹುದಾದದ್ದೇ ಎಂದು ಕೇಳಿ ತನ್ನಿ. ವೆಲ್ಕ್ರೋ? ತೆಗೆದರೆ ಇಡೀ ಕ್ಲಾಸಿಗೆ ಕೇಳುತ್ತೆ.

ಹೊಸ ಕಾಟನ್ ಆದರೆ ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಿ, ಕುಗ್ಗುತ್ತೆ. ನಾನಾದರೆ ಲಾಡಿಯವು ಎರಡು ಹೊಲಿದು, ಮಂಡಕ್ಕಿಗೆಂದೇ ಜಿಪ್ಪಿನದೊಂದು ಇಟ್ಟುಕೊಳ್ತೀನಿ.