ಹೊಡೆತ ಚೆನ್ನಾಗಿದೆ, ಅದೇ ತೊಂದರೆ: ಒಂದು ಟೆನಿಸ್ ಬ್ಯಾಟಿನ ವಿಮರ್ಶೆ

ನಮ್ಮ ಅಡ್ಡರಸ್ತೆಯ ಭಾನುವಾರದ ಆಟಕ್ಕೆಂದು ಎರಡು ತಿಂಗಳ ಹಿಂದೆ 1,450 ರೂಪಾಯಿ ಕೊಟ್ಟು ಕಾಶ್ಮೀರ ವಿಲ್ಲೋ ಮರದ ಟೆನಿಸ್ ಬ್ಯಾಟೊಂದನ್ನು, ಅಂದರೆ ಟೆನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡುವ ಬ್ಯಾಟನ್ನು, ತಂದೆ. ತಯಾರಕರ ಹೆಸರು ಇಲ್ಲಿ ಬೇಡ. ಹೆಸರಿದ್ದ ಸ್ಟಿಕ್ಕರು ಹೇಗೂ ಎರಡನೆಯ ವಾರವೇ ಕಿತ್ತುಬಂದಿದೆ.

ಲೆದರ್ ಚೆಂಡು 156ರಿಂದ 163 ಗ್ರಾಂ ತೂಗಿದರೆ ಟೆನಿಸ್ ಚೆಂಡು ಅರವತ್ತು ಗ್ರಾಮನ್ನೂ ಮುಟ್ಟುವುದಿಲ್ಲ. ಇಷ್ಟು ಹಗುರವಾದ ಚೆಂಡಿಗೆ ದಪ್ಪ ಮರ ಬೇಕಿಲ್ಲವಾದ್ದರಿಂದ ಇಂಥ ಎಷ್ಟೋ ಬ್ಯಾಟುಗಳ ಬೆನ್ನನ್ನು ಕೆತ್ತಿ ಹಳ್ಳ ಮಾಡಿರುತ್ತಾರೆ. ತೂಕ ಇಳಿದಷ್ಟೂ ಬೀಸುವ ವೇಗ ಹೆಚ್ಚುತ್ತದೆ. ನಮ್ಮ ಬ್ಯಾಟು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 960 ಗ್ರಾಂ ತೂಗಿತು. ಹಿಡಿತ ಸೊಗಸಾಗಿದೆ, ಚೆಂಡು ನಡುವಿಗೆ ಸಿಕ್ಕರೆ ಕೈಗೆ ಏನೂ ತಿಳಿಯುವುದೇ ಇಲ್ಲ.

ತೊಂದರೆ ಇರುವುದು ಇಲ್ಲಿಯೇ. ನಮ್ಮ ರಸ್ತೆಯ ಅಗಲ ಮೂವತ್ತು ಅಡಿ, ಅದರಲ್ಲಿ ಎರಡೂ ಬದಿಗೆ ಕಾರುಗಳು ನಿಂತಿರುತ್ತವೆ, ಮತ್ತು ಚೆಂಡು ನೆಲ ಮುಟ್ಟದೆ ಯಾರದೇ ಕಾಂಪೌಂಡಿನೊಳಗೆ ಬಿದ್ದರೆ ಔಟು ಎಂಬುದು ನಾವು ಹುಡುಗರಾಗಿದ್ದಾಗಿನಿಂದಲೂ ನಡೆದುಬಂದ ಕಾನೂನು. ಹಳೆಯ ಬ್ಯಾಟಿನಲ್ಲಿ ಗೇಟಿನವರೆಗೆ ಉರುಳಿ ಎರಡು ರನ್ ತರುತ್ತಿದ್ದ ಹೊಡೆತವೇ ಇದರಲ್ಲಿ ನೇರವಾಗಿ ಮೂರನೆಯ ಮನೆಯ ತುಳಸಿಕಟ್ಟೆಗೆ ಹೋಗುತ್ತದೆ. ಮೊದಲ ಭಾನುವಾರವೇ ಆ ಮನೆಯ ಅಜ್ಜಿ ನಾಲ್ಕು ಚೆಂಡುಗಳನ್ನು ಮೊರದಲ್ಲಿಟ್ಟುಕೊಂಡು ಹೊರಗೆ ಬಂದು, “ಮಕ್ಕಳು ಆಡುವಾಗ ಇಷ್ಟು ಬರ್ತಿರಲಿಲ್ಲ ಕಣ್ರಪ್ಪಾ, ನಿಮಗೇನಾಯ್ತು?” ಎಂದು ಕೇಳಿದರು. ಬ್ಯಾಟಿನ ಗುಣವನ್ನು ಇದಕ್ಕಿಂತ ನಿಖರವಾಗಿ ಯಾವ ಅಂಗಡಿಯವನೂ ಹೇಳಲಾರ.

ಬಾಳಿಕೆಯ ವಿಷಯದಲ್ಲಿ ಮಾತ್ರ ನನಗೆ ನಿಜವಾದ ಅಸಮಾಧಾನವಿದೆ. ಗಲ್ಲಿಯಲ್ಲಿ ಬ್ಯಾಟಿಗೆ ಚೆಂಡು ಹೊಡೆಯುವುದೊಂದೇ ಕೆಲಸವಲ್ಲ: ಕಾಂಕ್ರೀಟಿನ ಮೇಲೆ ಕುಟ್ಟಿಸಿಕೊಳ್ಳಬೇಕು, ಪಿಚ್ಚಿನ ಉದ್ದ ಅಳೆಯಬೇಕು, ಮೋರಿಯ ಕಲ್ಲನ್ನು ಮೀಟಿ ಚೆಂಡನ್ನು ಮೇಲೆತ್ತಬೇಕು, ಕಾರಿನಡಿಗೆ ಹೋಗಿ ಬರಬೇಕು. ಈ ಬ್ಯಾಟಿನ ತುದಿ ಮೂರೇ ವಾರಗಳಲ್ಲಿ ಹಲ್ಲುಜ್ಜುವ ಬ್ರಷ್ಷಿನಂತೆ ಕೆದರಿತು, ಮೋರಿಯ ನೀರು ಕುಡಿದ ಮೇಲೆ ಊದಿಕೊಂಡಿತು. ಪಂಕ್ಚರ್ ಅಂಗಡಿಯಿಂದ ಸೈಕಲ್ ಟ್ಯೂಬಿನ ತುಂಡೊಂದನ್ನು ತಂದು ತುದಿಗೆ ಅಂಟಿಸಿ, ಸುತ್ತಲೂ ಕರಿ ಟೇಪು ಬಿಗಿದ ಮೇಲೆ ಸೀಳುವುದು ನಿಂತಿದೆ. ಇಷ್ಟು ಬೆಲೆಯ ಬ್ಯಾಟಿಗೆ ಆ ರಬ್ಬರನ್ನು ತಯಾರಕರೇ ಹಾಕಿ ಕೊಡಬಹುದಿತ್ತು.

ಮೈದಾನದಲ್ಲಿ ಪಂದ್ಯ ಆಡುವವರು ಧೈರ್ಯವಾಗಿ ಕೊಳ್ಳಬಹುದು. ಅಡ್ಡರಸ್ತೆಯವರು ಕೊಳ್ಳುವ ಮುನ್ನ ಎದುರುಮನೆಯ ಕಿಟಕಿಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಂತೂ ಆಟ ಮತ್ತೆ ಹಳೆಯ ಬ್ಯಾಟಿಗೇ ಮರಳಿದೆ. ಹೊಸದು ಬೌಲರ್ ತುದಿಯಲ್ಲಿ ಹಾಲಿನ ಕ್ರೇಟಿಗೆ ಒರಗಿಕೊಂಡು ವಿಕೆಟ್ಟಾಗಿ ನಿಲ್ಲುತ್ತದೆ. ಬ್ಯಾಟು ತಂದವನೇ ಮೊದಲು ಆಡಬೇಕೆಂಬ ಹಕ್ಕನ್ನು ಮಾತ್ರ ನಾನು ಇನ್ನೂ ಬಿಟ್ಟುಕೊಟ್ಟಿಲ್ಲ.