ವಿಡಿಯೊ ಕಾಲ್, ಮೇಳ, ಕಾರ್ಖಾನೆ: ಮೂರನ್ನೂ ಮಾಡಿ ನೋಡಿದ ಮೇಲೆ

ಚೀನಾದಲ್ಲಿ ಮಾಲು ಮಾಡಿಸುವ ಮುಂಚೆ ತಯಾರಕರನ್ನು ಆರಿಸುವುದು ಹೇಗೆ, ವಿಡಿಯೊ ಕಾಲ್‌ನಲ್ಲಾ, ಮೇಳದಲ್ಲಾ, ಕಾರ್ಖಾನೆಗೇ ಹೋಗಿಯಾ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾರ್ಖಾನೆಗೆ ನಾವೇ ಹೋಗುವುದಕ್ಕೆ. 2000 ಸ್ಟೀಲ್ ನೀರಿನ ಬಾಟಲಿ ಮಾಡಿಸಿ, ಅದರಲ್ಲಿ ಮುಕ್ಕಾಲು ಪಾಲು ಮಾರಲಾಗದೆ ಮನೆಯಲ್ಲಿ ಉಳಿದ ಮೇಲೆ ಬಂದ ತೀರ್ಮಾನ ಇದು. ನಮ್ಮದು ಸಣ್ಣ ವ್ಯಾಪಾರ, ನಾನು ಮತ್ತು ತಂಗಿ ಇಬ್ಬರೇ. ಒಂದು ಬ್ಯಾಚ್ ಹಾಳಾದರೆ ಆ ವರ್ಷ ಪೂರ್ತಿ ಹಾಳಾದ ಹಾಗೆ.

ಮೊದಲ ಸಲ ಎಲ್ಲವನ್ನೂ ವಿಡಿಯೊ ಕಾಲ್‌ನಲ್ಲೇ ಮುಗಿಸಿದೆವು. ಚೀನಾದ ಒಬ್ಬ ಮಾರಾಟಗಾರ ಫೋನ್ ಹಿಡಿದು ಶೆಡ್ ತೋರಿಸಿದ, ಯಂತ್ರ ತೋರಿಸಿದ, ಕೆಲಸ ಮಾಡುವವರನ್ನು ತೋರಿಸಿದ. ಸ್ಯಾಂಪಲ್ ಬಂತು. ತಿಂಗಳುಗಟ್ಟಲೆ ಬಳಸಿದೆ, ಒಂದು ಹನಿ ಸೋರಲಿಲ್ಲ. 30% ಅಡ್ವಾನ್ಸ್ ಕಳಿಸಿದೆವು, ಮಾಲು ಹೊರಡುವ ಮುಂಚೆ ಉಳಿದ 70% ಕಳಿಸಿದೆವು. ಬಂದ ಬಾಟಲಿಗಳನ್ನು ಮಲಗಿಸಿಟ್ಟರೆ ಮುಚ್ಚಳದ ಸುತ್ತ ನೀರು. ಸ್ಯಾಂಪಲ್‌ನಲ್ಲಿದ್ದ ಸಿಲಿಕೋನ್ ರಿಂಗ್ ದಪ್ಪಗಿತ್ತು, ಬ್ಯಾಚ್‌ನಲ್ಲಿದ್ದದ್ದು ತೆಳ್ಳಗೆ. ಕೇಳಿದಾಗ ಗೊತ್ತಾಯಿತು, ಅವನದು ಕಾರ್ಖಾನೆಯೇ ಅಲ್ಲ. ನಮ್ಮ ಆರ್ಡರ್ ತಗೊಂಡು ಇನ್ಯಾರಿಗೋ ಕೊಟ್ಟಿದ್ದ.

ವಿಡಿಯೊ ಕಾಲ್ ಬೇಡವೇ ಬೇಡ ಅನ್ನುವುದಿಲ್ಲ. ಹತ್ತು ಮಾರಾಟಗಾರರಲ್ಲಿ ಆರು ಜನರನ್ನು ಕೈಬಿಡುವುದಕ್ಕೆ ಅದು ಸಾಕು. ಒಮ್ಮೆ ನೋಡಿ ಬಂದ ಕಾರ್ಖಾನೆಗೆ ಎರಡನೇ ಆರ್ಡರ್ ಕೊಡುವಾಗಲೂ ಸಾಕು.

ಆಮೇಲೆ ಗುವಾಂಗ್‌ಝೌನ ಕ್ಯಾಂಟನ್ ಮೇಳ. 1957ರಿಂದ ನಡೆಯುತ್ತಿದೆ, ವರ್ಷಕ್ಕೆ ಎರಡು ಸಲ, ಒಂದೊಂದು ಸಲವೂ ಮೂರು ಹಂತ. ನಿಮ್ಮ ವಸ್ತು ಯಾವ ಹಂತದಲ್ಲಿ ಬರುತ್ತದೆ ಅಂತ ನೋಡಿಕೊಂಡೇ ಟಿಕೆಟ್ ಮಾಡಿ, ಇಲ್ಲದಿದ್ದರೆ ಟ್ರ್ಯಾಕ್ಟರ್ ನೋಡಿಕೊಂಡು ವಾಪಸ್ ಬರಬೇಕಾಗುತ್ತದೆ. ಒಂದೇ ದಿನದಲ್ಲಿ ನಲವತ್ತು ಬಾಟಲಿ ಕೈಯಲ್ಲಿ ಹಿಡಿದು ನೋಡಿದೆ, ಅದು ನಿಜವಾಗಿ ದೊಡ್ಡ ಅನುಕೂಲ. ಬಣ್ಣ, ತೂಕ, ಮುಚ್ಚಳ ತಿರುಗುವ ರೀತಿ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಆದರೆ ಮಳಿಗೆಯಲ್ಲಿ ಇಟ್ಟಿರುವುದು ಅವರ ಅತ್ಯುತ್ತಮ ಪೀಸ್, ಮಾತಾಡುವವರು ಸೇಲ್ಸ್‌ನವರು. ಕಾರ್ಖಾನೆಯವರ ಪಕ್ಕದಲ್ಲೇ ದಲ್ಲಾಳಿ ಕಂಪನಿಗಳೂ ಕೂತಿರುತ್ತವೆ. ಮೇಳದಿಂದ ನನಗೆ ಸಿಕ್ಕಿದ್ದು ಐದು ಒಳ್ಳೆ ವಿಳಾಸ, ಅಷ್ಟೇ.

ಆ ಐದರಲ್ಲಿ ನಾಲ್ಕು ಝೆಜಿಯಾಂಗ್ ಪ್ರಾಂತ್ಯದ ಯೋಂಗ್‌ಕಾಂಗ್‌ನಲ್ಲಿದ್ದವು. ಸ್ಟೀಲ್ ಬಾಟಲಿ, ಫ್ಲಾಸ್ಕ್‌ಗೆ ಹೆಸರಾದ ಊರು. ಒಬ್ಬ ದುಭಾಷಿಯನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿಕೊಂಡು ಮೂರು ದಿನದಲ್ಲಿ ನಾಲ್ಕೂ ನೋಡಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು, ಯಾಕಂದರೆ ನಾನು ಎರಡನೇ ಸಲವೂ ಮೋಸ ಹೋಗುವುದರಲ್ಲಿದ್ದೆ. ಮೊದಲ ಕಂಪನಿಯವರು ಹೋಟೆಲಿಗೆ ಕಾರು ಕಳಿಸಿದರು. ಚೆಂದದ ಆಫೀಸು, ಗೋಡೆ ತುಂಬ ಸ್ಯಾಂಪಲ್. ನಂತರ ಅರ್ಧ ಗಂಟೆ ದೂರದ ಕಾರ್ಖಾನೆಗೆ ಕರೆದುಕೊಂಡು ಹೋದರು. ವೆಲ್ಡಿಂಗ್, ಪಾಲಿಶ್, ಬಣ್ಣ, ಎಲ್ಲ ನಡೀತಿತ್ತು, ಎಲ್ಲ ಸರಿಯಾಗೇ ಇತ್ತು. ಖುಷಿಯಿಂದ ತಂಗಿಗೆ ಫೋನ್ ಮಾಡಿ ತೋರಿಸಿದೆ. ಅವಳು ಕೇಳಿದ್ದು ಒಂದೇ ಮಾತು: "ಅಕ್ಕಾ, ಗೇಟಿನ ಮೇಲೆ ಇವರದೇ ಹೆಸರಿದೆಯಾ?"

ಇರಲಿಲ್ಲ. ಬೋರ್ಡಿನ ಫೋಟೊ ತೆಗೆದು ದುಭಾಷಿಗೆ ಓದಿಸಿದೆ, ಬೇರೆ ಕಂಪನಿಯ ಹೆಸರು. ಕೇಳಿದರೆ "ಅದು ನಮ್ಮ ಅಣ್ಣತಮ್ಮಂದಿರ ಕಾರ್ಖಾನೆ" ಅಂದರು. ಗೋದಾಮಿನಲ್ಲಿದ್ದ ಯಾವ ಕಾರ್ಟನ್ ಮೇಲೂ ಅವರ ಹೆಸರಿಲ್ಲ. ಇನ್ನೊಂದು ಗಮನಿಸಿದೆ, ನನ್ನನ್ನು ಕರೆದುಕೊಂಡು ಹೋದವರಿಗೆ ಪ್ಯಾಕಿಂಗ್ ವಿಭಾಗ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ, ಕೆಲಸದವರನ್ನು ಕೇಳಿ ತಿಳಿದುಕೊಂಡರು. ಎರಡನೇ ಕಡೆಯೂ ಇದೇ ಕಥೆ, ಅಲ್ಲಂತೂ ಒಳಗೆ ಫೋಟೊ ತೆಗೆಯುವುದಕ್ಕೇ ಬಿಡಲಿಲ್ಲ.

ಹಾಗಾಗಿ ಉಳಿದ ಎರಡು ಕಡೆ ಒಳಗೆ ಕಾಲಿಡುವ ಮುಂಚೆಯೇ ವ್ಯಾಪಾರದ ಲೈಸೆನ್ಸ್ ತೋರಿಸಿ ಅಂದೆ. ಚೀನಾದಲ್ಲಿ ಪ್ರತಿ ಕಂಪನಿಗೂ 18 ಅಕ್ಷರ-ಅಂಕೆಗಳ ಒಂದೇ ನೋಂದಣಿ ಸಂಖ್ಯೆ ಇರುತ್ತದೆ, ಸರ್ಕಾರದ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಕಂಪನಿಯ ವಿವರ ಬರುತ್ತದೆ. ಲೈಸೆನ್ಸ್‌ನಲ್ಲಿ ಏನೇನು ವ್ಯವಹಾರ ಮಾಡುತ್ತಾರೆ ಅಂತ ಬರೆದಿರುತ್ತದೆ. ಅದರಲ್ಲಿ ತಯಾರಿಕೆ ಅನ್ನುವ ಪದ ಇದೆಯಾ ಅಥವಾ ಬರೀ ಮಾರಾಟವಾ, ಅದನ್ನು ನೋಡಬೇಕು. ಗೇಟಿನ ಬೋರ್ಡು, ಲೈಸೆನ್ಸು, ಹಣ ಹಾಕಬೇಕಾದ ಬ್ಯಾಂಕ್ ಖಾತೆ, ಮೂರರಲ್ಲೂ ಒಂದೇ ಹೆಸರಿರಬೇಕು. ಒಂದು ಕಡೆ ಬೇರೆಯಾದರೂ ಕಾರಣ ಕೇಳಿ, ಉತ್ತರ ತಡವರಿಸಿದರೆ ಎದ್ದು ಬನ್ನಿ. ದಲ್ಲಾಳಿಗಳೆಲ್ಲ ಕೆಟ್ಟವರಲ್ಲ, ಸಣ್ಣ ಆರ್ಡರ್ ಕೂಡಿಸಿ ಕೊಡುವ ಒಳ್ಳೆಯವರಿದ್ದಾರೆ. ದಲ್ಲಾಳಿ ಅಂತ ಮೊದಲೇ ಹೇಳಬೇಕು, ನನ್ನ ತಕರಾರು ಅಷ್ಟೇ.

ನಾಲ್ಕನೇ ಕಾರ್ಖಾನೆ ಚಿಕ್ಕದು. ಆಫೀಸು ಸಾಧಾರಣ, ಮಾಲೀಕರೇ ಸುತ್ತಿ ತೋರಿಸಿದರು. ನಾನು ಕೇಳದೇ ಇದ್ದರೂ ಅವರೇ ಹೇಳಿದರು, "ಮುಚ್ಚಳ ನಾವು ಮಾಡಲ್ಲ, ಹೊರಗಿನಿಂದ ತರಿಸುತ್ತೇವೆ" ಅಂತ. ನನ್ನ ಮೊದಲ ಬ್ಯಾಚ್ ಹಾಳಾಗಿದ್ದೇ ಮುಚ್ಚಳದಿಂದ ಅಲ್ವಾ, ಆ ಒಂದು ಮಾತಿಗೆ ನನಗೆ ನಂಬಿಕೆ ಬಂತು. ಲೈನ್‌ನಿಂದ ನಾನೇ ಹತ್ತು ಬಾಟಲಿ ಆರಿಸಿದೆ. ಕುದಿಯುವ ನೀರು ತುಂಬಿ ಹೊರಗೆ ಕೈಯಿಟ್ಟು ನೋಡಿದೆ, ಬಾಟಲಿಯ ಎರಡು ಪದರದ ನಡುವಿನ ವ್ಯಾಕ್ಯೂಮ್ ಸರಿ ಇಲ್ಲದಿದ್ದರೆ ಹೊರಮೈ ಬೇಗ ಬಿಸಿಯಾಗುತ್ತದೆ. ಆಮೇಲೆ ರಾತ್ರಿಯಿಡೀ ಮಲಗಿಸಿಡಲು ಬಿಟ್ಟರು. ಬೆಳಿಗ್ಗೆ ಹತ್ತೂ ಒಣಗಿಯೇ ಇದ್ದವು.

ಸ್ಟೀಲ್ ಬಗ್ಗೆ ಒಂದು ಮಾತು: 304 ದರ್ಜೆಯ ಸ್ಟೀಲ್ ಅಂತ ಹೇಳಿ ಅಗ್ಗದ 201 ದರ್ಜೆಯದು ಕೊಡುವವರಿದ್ದಾರೆ. ಮ್ಯಾಗ್ನೆಟ್ ಇಟ್ಟು ನೋಡಿ ಪ್ರಯೋಜನವಿಲ್ಲ. ಪರೀಕ್ಷೆ ಮಾಡುವ ದ್ರಾವಣದ ಚಿಕ್ಕ ಕಿಟ್ ಸಿಗುತ್ತದೆ, ಹನಿ ಹಾಕಿ ಬ್ಯಾಟರಿ ತಾಗಿಸಿದರೆ 201 ಕೆಂಪಾಗುತ್ತದೆ.

ಆರ್ಡರ್ ಈ ನಾಲ್ಕನೆಯವರಿಗೇ ಕೊಟ್ಟೆವು. ಕೊನೇ 70% ಹಣಕ್ಕೆ ಮುಂಚೆ ಹೊರಗಿನ ತಪಾಸಣೆಯವರನ್ನು ಕಳಿಸಿದೆವು. 2000 ಪೀಸ್‌ಗೆ ಸಾಮಾನ್ಯ ಕ್ರಮದಲ್ಲಿ 125 ತೆಗೆದು ನೋಡುತ್ತಾರೆ, ದೋಷ ಎಷ್ಟರವರೆಗೆ ಒಪ್ಪಬಹುದು ಅನ್ನುವ ಮಟ್ಟವನ್ನು (AQL) 2.5 ಇಟ್ಟುಕೊಂಡರೆ ದೊಡ್ಡ ದೋಷ 7ರವರೆಗೆ ಪಾಸು, 8 ಆದರೆ ಫೇಲು. ಸೋರುವುದನ್ನು ದೊಡ್ಡ ದೋಷ ಅಂತ ಒಪ್ಪಂದದಲ್ಲೇ ಬರೆಸಿದ್ದೆ. ಮೊದಲ ಸಲ ಇದನ್ನು ಬರೆಸಿರಲಿಲ್ಲ, ದೂರು ಕೊಡಲು ಕೈಯಲ್ಲಿ ಏನೂ ಇರಲಿಲ್ಲ.

ಖರ್ಚು? ಮೂರರಲ್ಲಿ ಕಾರ್ಖಾನೆಗೆ ಹೋಗುವುದಕ್ಕೇ ಜಾಸ್ತಿ, ಸುಳ್ಳು ಹೇಳುವುದಿಲ್ಲ. ಟಿಕೆಟ್, ಹೋಟೆಲ್, ದುಭಾಷಿ ಎಲ್ಲ ಸೇರಿ ನಮ್ಮ ಲಾಭದ ದೊಡ್ಡ ಪಾಲು ತಿಂದಿತು. ನಿಮ್ಮ ಆರ್ಡರ್ ಇನ್ನೂರು ಮುನ್ನೂರು ಪೀಸ್ ಆಗಿದ್ದರೆ ಸುಮ್ನೆ ಹೋಗಬೇಡಿ, ವಿಡಿಯೊ ಕಾಲ್ ಮಾಡಿ ತಪಾಸಣೆಯವರನ್ನು ಕಳಿಸಿ. ಒಂದೇ ವಸ್ತುವನ್ನು ವರ್ಷ ವರ್ಷ ಮಾರುವ ನಮ್ಮಂಥವರಿಗೆ, ಕೈಯಿಂದ ಮುಟ್ಟಿ ನೋಡದೆ ನಿದ್ದೆ ಬಾರದ ನನ್ನಂಥವಳಿಗೆ, ಒಂದು ಸಲ ಹೋಗಿ ಬಂದದ್ದು ಎರಡು ಮೂರು ವರ್ಷಕ್ಕೆ ಸಾಕಾಗುತ್ತದೆ. ಚೀನೀಯರ ಹೊಸ ವರ್ಷವಾದ ವಸಂತ ಹಬ್ಬದ ಆಸುಪಾಸು, ಅಂದರೆ ಜನವರಿ ಕೊನೆ, ಫೆಬ್ರವರಿ, ಆಗ ಮಾತ್ರ ಹೋಗಬೇಡಿ, ಕೆಲಸದವರೆಲ್ಲ ಊರಿಗೆ ಹೋಗಿರುತ್ತಾರೆ.

ಈ ಸಲದ ಬ್ಯಾಚ್‌ನಲ್ಲಿ ಇಲ್ಲಿಯವರೆಗೆ ಸೋರಿದ ದೂರು ಒಂದೂ ಬಂದಿಲ್ಲ. ಮುಂದಿನ ಸಲ ತಂಗಿಯನ್ನೂ ಕರೆದುಕೊಂಡು ಹೋಗುತ್ತೇನೆ, ಬಾಟಲಿಯವರ ಹತ್ತಿರ ಮುಚ್ಚಳ ಮಾಡುವವರ ವಿಳಾಸ ತಗೊಂಡಿದ್ದೇನೆ, ಅಲ್ಲಿಯೂ ನೋಡಿ ಬರಬೇಕು.